ವಿಮಾನ, ಲಗೇಜು ಮತ್ತು ಗಣಕಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ತಾಯಿ ಬೆಂಗಳೂರಿನಿಂದ ಕೊಲ್ಲಿ ರಾಷ್ಟ್ರದ ನಗರವೊಂದರ ಮೂಲಕ ಫ್ರಾಂಕ್‌ಫರ್ಟ್‌ಗೆ ಹೋದರು. ನಡುವೆ ವಿಮಾನ ಸಂಸ್ಥೆಯೂ ಬದಲಾಯಿತು. ಅವರೇನೋ ಸಮಯಕ್ಕೆ ತಲುಪಿದರು, ಆದರೆ ಸೂಟ್‌ಕೇಸ್ ಬಂದದ್ದು ಮೂರನೆಯ ದಿನ. ಒಂದು ಸಂಸ್ಥೆಯ ಕೌಂಟರಿನಲ್ಲಿ ಕೊಟ್ಟ ಲಗೇಜು ಮತ್ತೊಂದು ಸಂಸ್ಥೆಯ ವಿಮಾನಕ್ಕೆ ಹೋಗಬೇಕೆಂದು ಯಾರಿಗೆ ಹೇಗೆ ತಿಳಿಯುತ್ತದೆ? ತಪ್ಪಿಹೋದದ್ದನ್ನು ಹುಡುಕುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಸೂಟ್‌ಕೇಸಿನ ಹಿಡಿಗೆ ಸುತ್ತಿ ಅಂಟಿಸುವ ಉದ್ದನೆಯ ಟ್ಯಾಗ್‌ನಲ್ಲಿ ಬಾರ್‌ಕೋಡ್ ಇರುವುದನ್ನು ನೀವು ನೋಡಿರುತ್ತೀರಿ. ಆ ಪಟ್ಟೆಗಳಲ್ಲಿ ಇರುವುದು 10 ಅಂಕಿಗಳ ಒಂದು ಸಂಖ್ಯೆ ಮಾತ್ರ. ನಿಮ್ಮ ತಾಯಿಯ ಹೆಸರಾಗಲಿ ಅವರು ಹೋಗಬೇಕಾದ ಊರಾಗಲಿ ಅದರಲ್ಲಿಲ್ಲ. ಎರಡನೆಯದರಿಂದ ನಾಲ್ಕನೆಯವರೆಗಿನ ಮೂರು ಅಂಕಿಗಳು ಟ್ಯಾಗ್ ಕೊಟ್ಟ ವಿಮಾನ ಸಂಸ್ಥೆಯನ್ನು ಸೂಚಿಸುತ್ತವೆ (ಏರ್ ಇಂಡಿಯಾಕ್ಕೆ 098), ಕೊನೆಯ ಆರು ಅಂಕಿಗಳು ಆ ಬ್ಯಾಗಿನ ಕ್ರಮಸಂಖ್ಯೆ. ಟ್ಯಾಗ್ ಮುದ್ರಣವಾಗುತ್ತಿದ್ದಂತೆಯೇ ವಿಮಾನ ಸಂಸ್ಥೆಯ ಗಣಕವು ನಿಲ್ದಾಣದ ಲಗೇಜು ವ್ಯವಸ್ಥೆಗೆ ಒಂದು ಚುಟುಕಾದ ಸಂದೇಶವನ್ನು ಕಳುಹಿಸುತ್ತದೆ. ಈ ಸಂಖ್ಯೆಯ ಬ್ಯಾಗು ಯಾರದು, ಮೊದಲು ಯಾವ ವಿಮಾನಕ್ಕೆ ಹೋಗಬೇಕು, ಅಲ್ಲಿಂದ ಮುಂದೆ ಯಾವುದಕ್ಕೆ ಎಂಬುದು ಆ ಸಂದೇಶದಲ್ಲಿರುತ್ತದೆ. ಲಕೋಟೆಯ ಮೇಲೆ ಬರೀ ಸಂಖ್ಯೆ ಬರೆದು, ವಿಳಾಸವನ್ನು ಮುಂದಿನ ಅಂಚೆ ಕಚೇರಿಗೆ ತಂತಿಯಲ್ಲಿ ಮೊದಲೇ ತಿಳಿಸಿಬಿಟ್ಟ ಹಾಗೆ ಈ ಏರ್ಪಾಡು. ವಿಮಾನ ಸಂಸ್ಥೆಗಳ ನಡುವೆ ಇಂಥ ಸಂದೇಶಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವ ಹಳೆಯ ಜಾಲ ಸೀಟಾ ಎಂಬ ಸಂಸ್ಥೆಯದು. ಅದನ್ನು 1949ರಲ್ಲಿ 11 ವಿಮಾನ ಸಂಸ್ಥೆಗಳು ಕೂಡಿ ಕಟ್ಟಿದವು.

ಕನ್ವೇಯರ್ ಬೆಲ್ಟಿನ ಮೇಲೆ ಸಾಗುವ ಬ್ಯಾಗಿನ ಟ್ಯಾಗನ್ನು ಸ್ಕ್ಯಾನರ್‌ಗಳು ಓದುತ್ತವೆ, ಗಣಕವು ಆ ಸಂಖ್ಯೆಯ ಸಂದೇಶವನ್ನು ಹುಡುಕುತ್ತದೆ, ಬ್ಯಾಗು ಸರಿಯಾದ ವಿಮಾನದ ಕಡೆಗೆ ತಿರುಗುತ್ತದೆ. ಟ್ಯಾಗ್ ಮಡಚಿಹೋಗಿದ್ದರೆ, ಅಥವಾ ಸಂದೇಶವೇ ಬಂದಿರದಿದ್ದರೆ, ಆ ಬ್ಯಾಗು ಪಕ್ಕಕ್ಕೆ ಸರಿದು ಸಿಬ್ಬಂದಿಯ ಕೈಗಾಗಿ ಕಾಯುತ್ತದೆ. ಲಗೇಜು ತಡವಾಗುವುದಕ್ಕೆ ಜಗತ್ತಿನಾದ್ಯಂತ ಅತಿ ದೊಡ್ಡ ಕಾರಣ ನಡುದಾರಿಯ ವರ್ಗಾವಣೆಯೇ. ಮೊದಲ ವಿಮಾನ ತಡವಾಗಿ ಇಳಿದಾಗ ಮನುಷ್ಯರು ಓಡಿಯಾದರೂ ಮುಂದಿನ ದ್ವಾರ ಸೇರುತ್ತಾರೆ, ಬ್ಯಾಗು ಮಾತ್ರ ವಿಮಾನದ ಹೊಟ್ಟೆಯಿಂದ ಇಳಿದು, ತಪಾಸಣೆ ಮುಗಿಸಿ, ವಿಂಗಡಣೆಯಾಗಿ ಹೊರಡುವಷ್ಟರಲ್ಲಿ ಸಮಯ ಮೀರಿರುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿಯೂ ಹೀಗೇ ಆಗಿರುವ ಸಾಧ್ಯತೆ ಹೆಚ್ಚು.

ಈ ಲೆಕ್ಕಾಚಾರ ಬರೀ ಅನುಕೂಲಕ್ಕಾಗಿ ಹುಟ್ಟಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವು ಐರ್ಲೆಂಡಿನ ಕರಾವಳಿಯಾಚೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿದ್ದ ಬ್ಯಾಗನ್ನು ವ್ಯಾಂಕೂವರ್‌ನಲ್ಲಿ ಒಪ್ಪಿಸಲಾಗಿತ್ತು. ಅದನ್ನು ಒಪ್ಪಿಸಿದಾತ ಮಾತ್ರ ವಿಮಾನ ಹತ್ತಿರಲೇ ಇಲ್ಲ. ಪ್ರಯಾಣಿಕ ಹತ್ತದಿದ್ದರೆ ಅವನ ಬ್ಯಾಗೂ ಹೋಗಕೂಡದು ಎಂಬ ನಿಯಮ ಆ ದುರಂತದ ನಂತರ ಬಿಗಿಯಾಯಿತು. ಹತ್ತಿದವರ ಪಟ್ಟಿಯನ್ನೂ ತುಂಬಿದ ಬ್ಯಾಗುಗಳ ಪಟ್ಟಿಯನ್ನೂ ಗಣಕವು ಇಂದು ಕ್ಷಣಕ್ಷಣಕ್ಕೂ ತಾಳೆ ನೋಡುತ್ತಿರುತ್ತದೆ. ಬಾರದ ಒಬ್ಬ ಪ್ರಯಾಣಿಕನ ಬ್ಯಾಗನ್ನು ಹುಡುಕಿ ಇಳಿಸುವುದಕ್ಕಾಗಿ ವಿಮಾನ ಕಾಯುವಾಗ ಬೇಸರವಾಗುವುದು ಸಹಜ, ಆದರೆ ಆ ಕಾಯುವಿಕೆಗೆ ನಾವು ತೆತ್ತಿರುವ ಬೆಲೆ ಬಹಳ ದೊಡ್ಡದು.

ಹುಡುಕುವ ಬಗೆಯ ಕುರಿತು ಕೇಳಿದ್ದೀರಿ. ದೂರು ಬರೆದುಕೊಂಡ ಸಿಬ್ಬಂದಿ ನಿಮ್ಮ ತಾಯಿಗೆ ಒಂದು ಉಲ್ಲೇಖ ಸಂಖ್ಯೆ ಕೊಟ್ಟಿರುತ್ತಾರೆ. ಅದರಲ್ಲಿ ಮೊದಲ ಮೂರು ಅಕ್ಷರ ನಿಲ್ದಾಣದ್ದು, ಮುಂದಿನ ಎರಡು ವಿಮಾನ ಸಂಸ್ಥೆಯದು, ಉಳಿದ ಐದು ಅಂಕಿಗಳು ಕಡತದ್ದು. ಈ ಕಡತವು ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಗೆ ಸೇರುತ್ತದೆ. ಯಾವುದೋ ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಉಳಿದ ಬ್ಯಾಗಿನ ಟ್ಯಾಗ್ ಸಂಖ್ಯೆ, ಬಣ್ಣ, ಬಗೆ, ಒಳಗಿನ ವಸ್ತುಗಳ ವಿವರವನ್ನು ಅಲ್ಲಿನವರು ತುಂಬುತ್ತಾರೆ, ಗಣಕವು ಎರಡನ್ನೂ ಹೊಂದಿಸಿ ನೋಡುತ್ತದೆ. ಇದಲ್ಲದೆ, ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಅಯಾಟಾದ 753ನೆಯ ನಿರ್ಣಯದಂತೆ 2018ರ ಜೂನ್‌ನಿಂದ ಸದಸ್ಯ ಸಂಸ್ಥೆಗಳು ಪ್ರತಿ ಬ್ಯಾಗನ್ನೂ ನಾಲ್ಕು ಹಂತಗಳಲ್ಲಿ ದಾಖಲಿಸಬೇಕು: ಪ್ರಯಾಣಿಕರಿಂದ ಪಡೆದಾಗ, ವಿಮಾನಕ್ಕೆ ತುಂಬಿದಾಗ, ಬೇರೆ ಸಂಸ್ಥೆಗೆ ಒಪ್ಪಿಸಿದಾಗ, ಕೊನೆಗೆ ಪ್ರಯಾಣಿಕರಿಗೆ ಹಿಂತಿರುಗಿಸಿದಾಗ. ಹಾಗಾಗಿ ‘ಎಲ್ಲಿದೆಯೋ ಗೊತ್ತಿಲ್ಲ’ ಎಂಬ ಉತ್ತರವನ್ನು ಸುಮ್ಮನೆ ಒಪ್ಪಿಕೊಳ್ಳಬೇಡಿ. ಕೊನೆಯ ಬಾರಿ ಎಲ್ಲಿ ಸ್ಕ್ಯಾನ್ ಆಗಿದೆ ಎಂದು ಕೇಳಿ.

ಟ್ಯಾಗಿನ ತುಣುಕನ್ನು ಮನೆ ಸೇರುವವರೆಗೂ ಎಸೆಯಬಾರದು, ಹಳೆಯ ಪ್ರಯಾಣದ ಬಾರ್‌ಕೋಡ್ ಚೀಟಿಗಳನ್ನು ಮಾತ್ರ ಹೊರಡುವ ಮುನ್ನವೇ ಕಿತ್ತುಹಾಕಬೇಕು. ಸ್ಕ್ಯಾನರ್ ದಾರಿ ತಪ್ಪಲು ಅವು ಸಾಕು. ಬ್ಯಾಗು ಬಾರದಿದ್ದರೆ ಲಗೇಜು ಸಭಾಂಗಣದಿಂದ ಹೊರಬರುವ ಮೊದಲೇ ದೂರು ದಾಖಲಿಸಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ತಡವಾಗಿ ಬಂದ ಲಗೇಜಿಗೆ, ಅದು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಬ್ಯಾಗಿಗೆ ಹಾನಿಯಾಗಿದ್ದರೆ ಇರುವುದು 7 ದಿನ ಮಾತ್ರ.

ಪ್ರಶ್ನೆ: ನಾಲ್ಕು ಜನರಿಗೆ ಟಿಕೆಟ್ ನೋಡಿದಾಗ ತಲಾ ದರ ಹೆಚ್ಚು, ಒಬ್ಬರಿಗೆ ನೋಡಿದಾಗ ಕಡಿಮೆ. ಇದು ಮೋಸವಲ್ಲವೇ?
– ಓದುಗರು, ಕಲಬುರಗಿ

ಉತ್ತರ: ಮೋಸವಲ್ಲ, ಆದರೆ ತಿಳಿದಿರಬೇಕಾದ ಸಂಗತಿ. ಒಂದೇ ಬಗೆಯ ಆಸನಗಳನ್ನು ಗಣಕವು ಹಲವು ದರಶ್ರೇಣಿಗಳಾಗಿ ಹಂಚಿಟ್ಟಿರುತ್ತದೆ. ಅಗ್ಗದ ಶ್ರೇಣಿ ಮುಗಿದಂತೆ ಮುಂದಿನದು ತೆರೆಯುತ್ತದೆ. ಅಗ್ಗದ ಶ್ರೇಣಿಯಲ್ಲಿ ಮೂರೇ ಆಸನ ಉಳಿದಿರುವಾಗ ನೀವು ನಾಲ್ಕು ಕೇಳಿದರೆ, ಅನೇಕ ವ್ಯವಸ್ಥೆಗಳು ನಾಲ್ಕಕ್ಕೂ ಮೇಲಿನ ಶ್ರೇಣಿಯ ದರವನ್ನೇ ತೋರಿಸುತ್ತವೆ. ಮೊದಲು ಒಬ್ಬರಿಗೆ, ಇಬ್ಬರಿಗೆ ಎಂದು ನೋಡಿ ಬೇರೆಬೇರೆಯಾಗಿ ಕಾಯ್ದಿರಿಸಿದರೆ ಹಣ ಉಳಿಯಬಹುದು. ಆದರೆ ಆಗ ಪಿಎನ್‌ಆರ್ ಬೇರೆಬೇರೆಯಾಗುತ್ತದೆ, ವಿಮಾನ ರದ್ದಾದಾಗ ಕುಟುಂಬವನ್ನು ಒಟ್ಟಿಗೆ ಸೇರಿಸುವ ಹೊಣೆ ನಿಮ್ಮದಾಗುತ್ತದೆ. ಮಕ್ಕಳೋ ವೃದ್ಧರೋ ಜೊತೆಗಿದ್ದರೆ ಈ ಉಳಿತಾಯ ಬೇಡವೆಂಬುದೇ ನನ್ನ ಸಲಹೆ.

ಪ್ರಶ್ನೆ: 2024ರ ಜುಲೈನಲ್ಲಿ ನನಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಇಷ್ಟು ದೊಡ್ಡ ವ್ಯವಸ್ಥೆ ಒಮ್ಮೆಲೇ ನಿಲ್ಲುವುದು ಹೇಗೆ? ಆಕಾಶದಲ್ಲಿದ್ದ ವಿಮಾನಗಳಿಗೆ ಅಪಾಯವಿರಲಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಗಣಕ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಯುಕ್ತ ತಂತ್ರಾಂಶ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಗಣಕಗಳು ಕೆಲಸ ನಿಲ್ಲಿಸಿದವು. ವಿಮಾನ ಸಂಸ್ಥೆಗಳು ಬೇರೆಬೇರೆಯಾದರೂ ಅವು ನೆಚ್ಚಿಕೊಂಡ ತಂತ್ರಾಂಶ ಒಂದೇ ಆಗಿದ್ದರಿಂದ ಪೆಟ್ಟು ಒಟ್ಟಿಗೇ ಬಿತ್ತು. ವಿಮಾನದೊಳಗಿನ ಹಾರಾಟದ ಗಣಕಗಳು ಇವುಗಳಿಂದ ಪೂರ್ತಿ ಪ್ರತ್ಯೇಕ. ಆದ್ದರಿಂದ ಹಾರುತ್ತಿದ್ದ ವಿಮಾನಗಳಿಗೆ ಅಪಾಯವಿರಲಿಲ್ಲ.

ಇದಕ್ಕಿಂತ ಹೆಚ್ಚು ಕಲಿಸುವ ಘಟನೆ ಬ್ರಿಟನ್ನಿನದು. 2023ರ ಆಗಸ್ಟ್ 28ರಂದು ಅಲ್ಲಿನ ವಾಯುಸಂಚಾರ ನಿಯಂತ್ರಣ ಸಂಸ್ಥೆಗೆ ಲಾಸ್ ಏಂಜಲೀಸ್‌ನಿಂದ ಪ್ಯಾರಿಸ್‌ಗೆ ಹೋಗುವ ವಿಮಾನವೊಂದರ ಹಾರಾಟ ಯೋಜನೆ ಬಂತು. ಆ ಮಾರ್ಗದಲ್ಲಿ ‘ಡಿವಿಎಲ್’ ಎಂಬ ಒಂದೇ ಸಂಕೇತವಿದ್ದ ಎರಡು ಬಿಂದುಗಳಿದ್ದವು: ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ಡೋವಿಲ್. ಗಣಕಕ್ಕೆ ಈ ಗೊಂದಲ ಬಿಡಿಸಲಾಗಲಿಲ್ಲ. ತಪ್ಪು ಮಾಹಿತಿಯನ್ನು ನಿಯಂತ್ರಕರಿಗೆ ಕೊಡುವುದಕ್ಕಿಂತ ನಿಲ್ಲುವುದೇ ಸುರಕ್ಷಿತವೆಂಬ ವಿನ್ಯಾಸದಂತೆ ಅದು ನಿಂತಿತು. ಬದಲಿಗೆಂದು ಇಟ್ಟಿದ್ದ ಗಣಕವೂ ಅದೇ ತಂತ್ರಾಂಶದಿಂದ ಅದೇ ಯೋಜನೆಯನ್ನು ಓದಿ ಹಾಗೆಯೇ ನಿಂತಿತು. ಹಾರಾಟ ಯೋಜನೆಗಳನ್ನು ಸಿಬ್ಬಂದಿ ಕೈಯಾರೆ ನಮೂದಿಸಬೇಕಾಗಿ ಬಂದು, 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತು. 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿಯೂ ಹಾರಾಟ ಯೋಜನೆಗಳನ್ನು ರವಾನಿಸುವ ಸಂದೇಶ ವ್ಯವಸ್ಥೆ ಕೆಟ್ಟು ನೂರಾರು ವಿಮಾನಗಳು ತಡವಾದವು.

ನಿಲ್ಲುವ ಮೂಲಕ ಸುರಕ್ಷತೆ ಕಾಯುವ ವಿನ್ಯಾಸವನ್ನು ನಾನು ಮನಸಾರೆ ಒಪ್ಪುತ್ತೇನೆ. ಒಪ್ಪಲಾಗದ್ದು, ನಿಂತ ಮೇಲೆ ಏನು ಮಾಡಬೇಕೆಂಬ ಅಭ್ಯಾಸವಿಲ್ಲದಿರುವುದು. ಅದೇ ತಂತ್ರಾಂಶ ನಡೆಸುವ ಎರಡನೆಯ ಗಣಕವನ್ನು ಪರ್ಯಾಯವೆಂದು ಕರೆಯಲಾಗದು. ಕಾಗದ, ಲೇಖನಿ, ತರಬೇತಾದ ಸಾಕಷ್ಟು ಸಿಬ್ಬಂದಿ ಇವು ನಿಜವಾದ ಪರ್ಯಾಯ. ಅಗ್ನಿಶಮನದ ಅಣಕು ಅಭ್ಯಾಸದಂತೆ ಇದರ ಅಭ್ಯಾಸವೂ ನಿಲ್ದಾಣಗಳಲ್ಲಿ ನಿಯಮಿತವಾಗಿ ನಡೆಯಬೇಕು. ನಿಮ್ಮ ಕೈಸೇರಿದ ಆ ಚೀಟಿಯನ್ನು ಯಾರೋ ಒಬ್ಬರು ನೂರಾರು ಜನರ ನಡುವೆ ನಿಂತು ಬರೆದುಕೊಟ್ಟಿದ್ದರಿಂದಲೇ ನೀವು ಅಂದು ಊರು ಸೇರಿದಿರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಸ್ಮಾರ್ಟ್‌ಫೋನ್ ಬಳಸುವುದಿಲ್ಲ. ಡಿಜಿ ಯಾತ್ರಾ ಕಡ್ಡಾಯವೇ? ಮುಖದ ಚಿತ್ರ ಎಲ್ಲಿ ಉಳಿಯುತ್ತದೆ?
– ಓದುಗರು, ಮೈಸೂರು

ಉತ್ತರ: ಅಮ್ಮಾ, ಕಡ್ಡಾಯವಲ್ಲ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ ಮತ್ತು ವಾರಾಣಸಿಯಲ್ಲಿ ಮೊದಲಿಗೆ ಆರಂಭವಾದ, ಮುಖ ನೋಡಿ ಗುರುತಿಸಿ ಪ್ರಯಾಣಿಕರನ್ನು ನಿಲ್ದಾಣದೊಳಗೆ ಬಿಡುವ ಈ ವ್ಯವಸ್ಥೆಯಲ್ಲಿ, ಪ್ರಯಾಣಿಕರ ಗುರುತಿನ ವಿವರ ಅವರ ಫೋನಿನಲ್ಲಿಯೇ ಇರುತ್ತದೆ, ಪ್ರಯಾಣದ ಹೊತ್ತಿಗೆ ನಿಲ್ದಾಣಕ್ಕೆ ಹಂಚಿಕೆಯಾಗುತ್ತದೆ, ವಿಮಾನ ಹೊರಟ 24 ಗಂಟೆಗಳೊಳಗೆ ಅಲ್ಲಿಂದ ಅಳಿಸಿಹೋಗಬೇಕು ಎಂಬುದು ನಿಯಮ. ಸಾಲು ಬೇಗ ಸಾಗುತ್ತದೆಂಬುದು ನಿಜ. ಆದರೆ ಪ್ರವೇಶದ್ವಾರದಲ್ಲಿ ಸರಿಯಾಗಿ ಕೇಳದೆಯೇ ಮುಖದ ಚಿತ್ರ ತೆಗೆದರೆಂದು 2024ರ ಆರಂಭದಲ್ಲಿ ಹಲವು ಪ್ರಯಾಣಿಕರು ದೂರಿದ್ದರು. ಪ್ರಯಾಣಿಕರ ಒಪ್ಪಿಗೆ ಕೇಳದ ವೇಗ ನಮಗೆ ಬೇಕಿಲ್ಲ. ನಿಮಗೆ ಇಷ್ಟವಿಲ್ಲದಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಿ, ಗುರುತಿನ ಚೀಟಿ ಮತ್ತು ಟಿಕೆಟ್ ತೋರಿಸಿ ಸಾಮಾನ್ಯ ಸಾಲಿನಲ್ಲಿ ಹೋಗಬಹುದು.

ಮಾಹಿತಿಯ ಬಗ್ಗೆ ನಿಮಗಿರುವ ಅಳುಕು ಅಕಾರಣವೂ ಅಲ್ಲ. ಮೇಲೆ ಹೇಳಿದ ಸೀಟಾದ ವ್ಯವಸ್ಥೆಯೊಂದಕ್ಕೆ ಕನ್ನ ಬಿದ್ದು, ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಸೋರಿಹೋದದ್ದು 2021ರಲ್ಲಿ ಬಹಿರಂಗವಾಯಿತು. ಮಕ್ಕಳು, ಮೊಮ್ಮಕ್ಕಳು ಬೋರ್ಡಿಂಗ್ ಪಾಸ್‌ನ ಫೋಟೋವನ್ನು ಜಾಲತಾಣಗಳಲ್ಲಿ ಹಾಕುವುದಾದರೆ ತಡೆಯಿರಿ. ಹೆಸರು ಮತ್ತು ಪಿಎನ್‌ಆರ್ ಎರಡೂ ಅದರಲ್ಲಿರುತ್ತವೆ, ಎಷ್ಟೋ ಸಂಸ್ಥೆಗಳ ತಾಣಗಳಲ್ಲಿ ಅವೆರಡಿದ್ದರೆ ಅಪರಿಚಿತರೂ ನಿಮ್ಮ ಕಾಯ್ದಿರಿಸುವಿಕೆಯನ್ನು ತೆರೆದು ನೋಡಬಹುದು.

ಫೋನಿಲ್ಲವೆಂದು ಹಿಂಜರಿಯಬೇಕಿಲ್ಲ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದಕ್ಕೆ ಪ್ರತ್ಯೇಕ ಶುಲ್ಕ ವಿಧಿಸಬಾರದೆಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2022ರ ಜುಲೈನಲ್ಲಿಯೇ ವಿಮಾನ ಸಂಸ್ಥೆಗಳಿಗೆ ತಿಳಿಸಿದೆ. ಯಾರಾದರೂ ಹಣ ಕೇಳಿದರೆ ಆ ಸೂಚನೆಯನ್ನು ನೆನಪಿಸಿ, ಮುದ್ರಿಸಿದ ಪಾಸನ್ನೇ ಕೇಳಿ ಪಡೆಯಿರಿ.