ಎಲ್ಲರೂ ಒಪ್ಪುವವರೆಗೆ ಚಿಕಿತ್ಸೆ ನಿಲ್ಲಿಸಬೇಕೇ?

ಪ್ರಶ್ನೆ: ನನಗೆ 27 ವರ್ಷ. ಹುಟ್ಟಿದಾಗ ಹೆಣ್ಣೆಂದು ದಾಖಲಾದ ನಾನು ಗಂಡಾಗಿಯೇ ಬದುಕಲು ನಿರ್ಧರಿಸಿ, ವೈದ್ಯರ ನಿಗಾದಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಚುಚ್ಚುಮದ್ದು ಪಡೆಯತೊಡಗಿ ಐದು ತಿಂಗಳಾಯಿತು. ದನಿ ಒಡೆದಿದೆ. ಇದೊಂದು ಮಾನಸಿಕ ಕಾಯಿಲೆ ಎನ್ನುವ ಅಪ್ಪ ಮಾತು ಬಿಟ್ಟಿದ್ದಾರೆ. ಅಮ್ಮ ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿಲ್ಲ. ತಂಗಿ ಮಾತ್ರ ‘ಅಣ್ಣ’ ಎನ್ನುತ್ತಾಳೆ. ಎಲ್ಲರೂ ಒಪ್ಪುವವರೆಗೆ ಚಿಕಿತ್ಸೆ ನಿಲ್ಲಿಸಲೇ?

ಉತ್ತರ: ಮನೆಯವರ ಮನಸ್ಸು ತಿರುಗಲಿ ಎಂಬ ಒಂದೇ ಕಾರಣಕ್ಕೆ ನಿಲ್ಲಿಸಬೇಡಿ. ಗಡುಸಾದ ದನಿ ಔಷಧ ಬಿಟ್ಟರೂ ಮೊದಲಿನಂತಾಗುವುದಿಲ್ಲ. ಆದರೆ ನಿಂತಿದ್ದ ಮುಟ್ಟು ಮರಳಬಹುದು, ಅದರಿಂದ ನಿಮ್ಮ ಸಂಕಟ ಹೆಚ್ಚೀತೇ ಹೊರತು ಅಪ್ಪನ ಮುನಿಸು ಕರಗಲಾರದು. ಮುಂದುವರಿಸುವುದೋ ನಿಧಾನಿಸುವುದೋ ಎಂಬ ತೀರ್ಮಾನ ನಿಮಗೂ ನಿಮ್ಮ ವೈದ್ಯರಿಗೂ ಸೇರಿದ್ದು.

ಅಮ್ಮನ ಮೌನವನ್ನು ನಾನು ನಿರಾಕರಣೆಯೆಂದು ಓದುವುದಿಲ್ಲ. ಹೊಸ ಹೆಸರು ಬಾಯಿಗೆ ಬಾರದಿದ್ದರೂ ಹಳೆಯ ಹೆಸರಿನಿಂದ ನಿಮಗೆ ನೋವಾಗುತ್ತದೆ ಎಂಬುದು ಅವರಿಗೆ ತಿಳಿದಿದೆ, ಅದಕ್ಕಾಗಿಯೇ ಅವರು ಎರಡನ್ನೂ ತಪ್ಪಿಸುತ್ತಿರಬಹುದು. ಎಲ್ಲರೆದುರು ಕೂರಿಸಿಕೊಂಡು ಒಪ್ಪಿಗೆ ಕೇಳುವ ಬದಲು, ಇಬ್ಬರೇ ಇರುವಾಗ, ‘ಅಮ್ಮ, ಎಲ್ಲವೂ ಈಗಲೇ ಅರ್ಥವಾಗಬೇಕಿಲ್ಲ, ನಾವಿಬ್ಬರೇ ಇದ್ದಾಗ ನನ್ನ ಹೆಸರು ಹಿಡಿದು ಕರೆದರೆ ಸಾಕು’ ಎಂದು ಕೇಳಿ ನೋಡಿ. ಬಾಯಿತಪ್ಪಿ ಹಳೆಯ ಹೆಸರು ಬಂದರೆ ಒಮ್ಮೆ ಮೆಲ್ಲಗೆ ತಿದ್ದಿ, ಮಾತು ಮುಂದುವರಿಸಿ.

ಇದು ಸಣ್ಣ ಬೇಡಿಕೆಯಂತೆ ಕಂಡೀತು, ಆದರೆ ಸಣ್ಣದಲ್ಲ. ಅಮೆರಿಕದಲ್ಲಿ 15ರಿಂದ 21 ವರ್ಷದ 129 ಟ್ರಾನ್ಸ್ (ಹುಟ್ಟಿದಾಗ ದಾಖಲಾದ ಲಿಂಗ ತಮ್ಮದಲ್ಲ ಎಂದು ಕಂಡುಕೊಂಡ) ಯುವಜನರ ಬಗ್ಗೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆ, ಶಾಲೆ, ಕೆಲಸ, ಗೆಳೆಯರ ಬಳಗ ಇವುಗಳಲ್ಲಿ ಆಯ್ದ ಹೆಸರು ಬಳಕೆಯಾದ ಕಡೆಗಳು ಹೆಚ್ಚಿದಷ್ಟೂ ಖಿನ್ನತೆಯೂ ಆತ್ಮಹತ್ಯೆಯ ಯೋಚನೆಯೂ ಕಡಿಮೆಯಿದ್ದುದು ಕಂಡುಬಂದಿತು. ನಿಮ್ಮ ತಂಗಿಯ ಒಂದು ಕರೆಯನ್ನು ಹಗುರವಾಗಿ ಕಾಣಬೇಡಿ.

ಅಪ್ಪನ ಮಾತಿಗೆ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗ ವರ್ಗೀಕರಣದ 11ನೇ ಆವೃತ್ತಿಯು ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದೆ. ಇದನ್ನು ವಾದ ಮಾಡಿ ಗೆಲ್ಲಲು ಹೋಗಬೇಡಿ. ಬರೆದು ಕೊಡಿ, ಅಥವಾ ನಿಮಗೆ ಒಪ್ಪಿಗೆಯಿದ್ದರೆ ವೈದ್ಯರಿಂದಲೇ ಹೇಳಿಸಿ. ಹೆತ್ತವರಿಗೂ ದುಃಖ, ಭಯ ಇರುತ್ತವೆ. ಆದರೆ ಅದನ್ನು ಸಂತೈಸುವ ಹೊರೆ ನಿಮ್ಮದಲ್ಲ. ಅವರು ಬೇರೊಬ್ಬ ಆಪ್ತಸಮಾಲೋಚಕರನ್ನೋ, ಇದೇ ದಾರಿಯಲ್ಲಿ ನಡೆದ ಇತರ ತಂದೆತಾಯಿಯರನ್ನೋ ಕಾಣುವುದು ಒಳ್ಳೆಯದು.

ಮನೆಯ ಹೊರಗೂ ನಿಮಗೆ ಜನ ಬೇಕು. ಹಾರ್ಮೋನ್ ಚಿಕಿತ್ಸೆಯ ಮೊದಲ ವರ್ಷಗಳನ್ನು ದಾಟಿ ಬಂದ ಟ್ರಾನ್ಸ್ ಪುರುಷರೊಡನೆ ಮಾತನಾಡಿ. ಕನ್ನಡಿಯಲ್ಲಿ ದಿನಕ್ಕೊಂದು ಬದಲಾವಣೆ ಹುಡುಕುವ ಆತಂಕವನ್ನು ಅವರಷ್ಟು ಬಲ್ಲವರು ಇಲ್ಲ. ಆದರೆ ಔಷಧದ ಪ್ರಮಾಣವನ್ನು ಅವರ ಮಾತಿನ ಮೇಲೆ ಬದಲಿಸಬೇಡಿ, ಏಕೆಂದರೆ ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣಗಳನ್ನು ಅತಿಯಾಗಿ ಹೆಚ್ಚಿಸಬಹುದು, ಅದನ್ನು ರಕ್ತಪರೀಕ್ಷೆಯಿಂದಲೇ ತಿಳಿಯಬೇಕು. ನಿಮ್ಮನ್ನು ‘ಸರಿಪಡಿಸುವೆ’ ಎನ್ನುವ ಸಮಾಲೋಚಕರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಅಂತಹ ಯತ್ನಗಳು ಹಾನಿಯನ್ನೇ ಮಾಡುತ್ತವೆ. ಬದುಕು ಸಾಕೆನಿಸಿದರೆ ಮಾತ್ರ ಕಾಯಬೇಡಿ, ಆ ಕ್ಷಣವೇ ತಂಗಿಗೆ ಹೇಳಿ, ಅವಳನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.