ಚೆಂಡನ್ನು ಕೈಯಲ್ಲಿ ಹಿಡಿದು ಬರೆಯಿರಿ

ಪ್ರಿಯರೇ,

ಅಮೆರಿಕದ ಅಗ್ರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ಗೆ ಹೋದ ಜಪಾನಿನ ಪಿಚರ್‌ಗಳನ್ನು, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರರನ್ನು, ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಕನ್ನಡದಲ್ಲಿ ಹೆಚ್ಚು ಮಂದಿ ಮುಟ್ಟದ ವಸ್ತು, ಭಾಷೆ ಅಚ್ಚುಕಟ್ಟು, 1964ರ ಮಸನೋರಿ ಮುರಕಾಮಿಯಿಂದ ಇಂದಿನ ಯೊಶಿನೊಬು ಯಮಮೊಟೊವರೆಗೆ ಇಸವಿಗಳಲ್ಲಿ ತಪ್ಪಿಲ್ಲ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ನನ್ನನ್ನು ಕೆಣಕಿದ್ದು ಮೂರನೆಯ ಪ್ಯಾರಾದ ಈ ವಾಕ್ಯ: ‘ಸಮುರಾಯ್ ರಕ್ತದ ಈ ವೀರರು ಮನೋಬಲವೊಂದರಿಂದಲೇ ಹೊಸ ನೆಲಕ್ಕೆ ಒಗ್ಗಿಕೊಂಡರು.’ ಯಾವುದಕ್ಕೆ ಒಗ್ಗಿಕೊಂಡರು? ಚೆಂಡು ಎಸೆದರೆಂದು ಪುಟಪುಟದಲ್ಲೂ ಬರೆದಿದ್ದೀರಿ, ಆ ಚೆಂಡು ಹೇಗಿತ್ತೆಂದು ಒಂದು ಕಡೆಯೂ ಹೇಳಿಲ್ಲ. ತೂಕ 142ರಿಂದ 149 ಗ್ರಾಂ ಒಳಗಿರಬೇಕೆಂಬ ನಿಯಮ ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಜಪಾನಿನ ಮಿಜುನೊ ಚೆಂಡು ಆ ಮಿತಿಯ ಕೆಳ ಅಂಚಿಗೆ ಹತ್ತಿರವಾದದ್ದು, ಅದರ ತೊಗಲು ಬೆರಳಿಗೆ ತುಸು ಅಂಟುತ್ತದೆ. ಅಮೆರಿಕದಲ್ಲಿ ಬಳಸುವ ರಾಲಿಂಗ್ಸ್ ಚೆಂಡು ಕೋಸ್ಟರಿಕಾದಲ್ಲಿ ಕೈಹೊಲಿಗೆಯಾಗಿ ಬರುತ್ತದೆ. ಅದು ಎಷ್ಟು ನುಣುಪೆಂದರೆ, ಡೆಲವೇರ್ ನದಿಯ ಉಪನದಿಯೊಂದರ ದಡದ ಕೆಸರನ್ನು ಪ್ರತಿ ಚೆಂಡಿಗೂ ತಿಕ್ಕಿ ಹೊಳಪು ತೆಗೆದ ಮೇಲೆಯೇ ಪಂದ್ಯಕ್ಕೆ ಕೊಡುತ್ತಾರೆ. ತೋರುಬೆರಳು, ನಡುಬೆರಳುಗಳನ್ನು ಅಗಲಿಸಿ ಅವುಗಳ ನಡುವೆ ಚೆಂಡನ್ನು ಸಿಕ್ಕಿಸಿಕೊಂಡು ಎಸೆಯುವ ಫೋರ್ಕ್‌ಬಾಲನ್ನೇ ನೆಚ್ಚಿ ಬೆಳೆದ ಕೊಡೈ ಸೆಂಗಾರಂಥ ಪಿಚರ್‌ಗೆ ಆ ನುಣುಪು ಎಂಥ ತೊಡಕೆಂದು ಯೋಚಿಸಿ ನೋಡಿ.

ನಾನು ಕ್ರೀಡಾ ಪುಟಕ್ಕೆ ಸೇರಿದ ಮೊದಲ ವರ್ಷ, ಕ್ರಿಕೆಟ್ ಪಂದ್ಯವೊಂದರ ವರದಿಯಲ್ಲಿ ‘ಮಾಂತ್ರಿಕ ಬೆರಳುಗಳ ಸ್ಪಿನ್ನರ್’ ಎಂದು ಬರೆದಿದ್ದೆ. ಹಿರಿಯ ಉಪಸಂಪಾದಕರೊಬ್ಬರು ಅದನ್ನು ಓದಿ, ಮೇಜಿನ ಖಾನೆಯಿಂದ ಹಳೆಯ ಚೆಂಡೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ‘ಸೀಮ್ ಮೇಲೆ ಅವನ ಬೆರಳು ಎಲ್ಲಿತ್ತು, ತೋರಿಸಪ್ಪ’ ಎಂದರು. ನನಗೆ ತೋರಿಸಲಾಗಲಿಲ್ಲ. ಮರುದಿನ ಬೆಳಿಗ್ಗೆ ನೆಟ್ಸ್‌ಗೆ ಹೋಗಿ ಆ ಹುಡುಗನ ಪಕ್ಕದಲ್ಲಿ ನಿಂತು ನೋಡಿದೆ: ತೋರುಬೆರಳಿನ ಮೇಲಿನ ಗೆಣ್ಣಿನ ಬದಿಯಲ್ಲಿ ಚರ್ಮ ಸುಲಿದು, ಮತ್ತೆ ಬೆಳೆದು, ಜಡ್ಡುಗಟ್ಟಿತ್ತು. ಆ ಜಡ್ಡನ್ನು ಕಂಡ ಮೇಲೆ ‘ಮಾಂತ್ರಿಕ’ ಎಂಬ ಪದವನ್ನು ನಾನು ಬಳಸಿಲ್ಲ.

ನನ್ನನ್ನು ಕೆಣಕಿದ ನಿಮ್ಮ ಇನ್ನೊಂದು ವಾಕ್ಯ: ‘ಆತ್ಮವಿಶ್ವಾಸ ಕುಗ್ಗಿದ್ದರಿಂದ ದೈಸುಕೆ ಮತ್ಸುಝಕ ವಿಫಲರಾದರು.’ ಇದನ್ನು ಓದಿ ನನಗೆ ನಿಜಕ್ಕೂ ನೋವಾಯಿತು. 1998ರ ಕೊಶಿಯೆನ್ ಶಾಲಾ ಪಂದ್ಯಾವಳಿಯಲ್ಲಿ ಒಂದೇ ದಿನ 17 ಇನಿಂಗ್ಸ್, 250 ಎಸೆತ ಎಸೆದ ಹುಡುಗ ಆತ. ನೂರಾರು ಎಸೆತಗಳ ಅಭ್ಯಾಸದಿಂದಲೇ ಲಯ ಕಂಡುಕೊಳ್ಳುವ ಪದ್ಧತಿಯನ್ನು ಜಪಾನಿನಲ್ಲಿ ನಾಗೆಕೋಮಿ ಎನ್ನುತ್ತಾರೆ; ಬಾಸ್ಟನ್ ರೆಡ್ ಸಾಕ್ಸ್ ತಂಡದವರು ಅದಕ್ಕೆ ಕಡಿವಾಣ ಹಾಕಿದರು. ತೋಳನ್ನು ಎಸೆದು ಬಲಪಡಿಸಬೇಕೋ, ಎಸೆಯದೆ ಉಳಿಸಬೇಕೋ ಎಂಬ ಭಿನ್ನಾಭಿಪ್ರಾಯ ಬಹಿರಂಗವಾಗಿಯೇ ನಡೆಯಿತು. 2008ರಲ್ಲಿ ಅವರು 18 ಪಂದ್ಯ ಗೆದ್ದು ಮೂರರಲ್ಲಷ್ಟೇ ಸೋತರು, ಅದೇ ವರ್ಷ 94 ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟರು, 2011ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು. ಇಷ್ಟೆಲ್ಲ ಕಣ್ಣೆದುರಿಗಿರುವಾಗ ‘ವಿಫಲ’ ಎಂಬ ಒಂದು ಪದದಲ್ಲಿ ಅವರನ್ನು ಮುಗಿಸಿಬಿಡುವುದು ಅನ್ಯಾಯ.

ಜಪಾನಿನಲ್ಲಿ ಆರಂಭಿಕ ಪಿಚರ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಎಸೆಯುತ್ತಾನೆ, ಅಮೆರಿಕದಲ್ಲಿ ಐದು ದಿನಕ್ಕೊಮ್ಮೆ. ಒಂದು ಋತುವಿಗೆ ಜಪಾನಿನಲ್ಲಿ 143 ಪಂದ್ಯ, ಅಮೆರಿಕದಲ್ಲಿ 162. ನಾಲ್ಕು ದಿನದ ವಿರಾಮ ಸಾಲದೆಂದು ಯು ದರ್ವಿಶ್ 2014ರಲ್ಲಿ ಮುಕ್ತವಾಗಿ ಹೇಳಿದ್ದರು. ಮರುವರ್ಷವೇ ಅವರ ಮೊಣಕೈಗೂ ಶಸ್ತ್ರಚಿಕಿತ್ಸೆಯಾಯಿತು. ಈ ಮಾತಿಗೆ ಎದುರಾದ ಉದಾಹರಣೆಯೂ ಇದೆ, ಅದನ್ನೂ ಇದರ ಜೊತೆಗಿಟ್ಟು ಬರೆಯಿರಿ: ಮೇಜರ್ ಲೀಗ್‌ನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯಲ್ಲಿ, 2025ರಲ್ಲಿ, ಯಮಮೊಟೊ ಆರನೆಯ ಪಂದ್ಯವನ್ನು ಆರಂಭಿಸಿ ಗೆದ್ದು, ಮರುದಿನವೇ ಏಳನೆಯ ಪಂದ್ಯದ ಕೊನೆಯಲ್ಲಿ ಮತ್ತೆ ಬಂದು ಎಸೆದರು. ನೀವು ಅದನ್ನು ‘ಸಮುರಾಯ್ ಸಂಕಲ್ಪ’ ಎಂದಷ್ಟೇ ಬರೆದಿದ್ದೀರಿ. ಈಟಿಯಂಥ ಸಾಧನವನ್ನು ಎಸೆದು ಎಸೆದು ದೇಹವನ್ನು ಹದಗೊಳಿಸಿಕೊಂಡ ಅವರ ದಿನಚರಿಯ ಬಗ್ಗೆ ಒಂದು ವಾಕ್ಯವಿದ್ದಿದ್ದರೆ ನಾನು ನಂಬುತ್ತಿದ್ದೆ.

ಹೋಲಿಕೆ ಬೇಕೆನಿಸಿದರೆ ನಮ್ಮ ಓದುಗರಿಗೆ ಗೊತ್ತಿರುವುದನ್ನೇ ಕೊಡಿ. ಎಸ್‌ಜಿ ಚೆಂಡಿನಲ್ಲಿ ಬೆಳೆದ ಬೌಲರ್ ಇಂಗ್ಲೆಂಡಿನಲ್ಲಿ ಡ್ಯೂಕ್ಸ್ ಹಿಡಿದಾಗ, ಆಸ್ಟ್ರೇಲಿಯಾದಲ್ಲಿ ಕೂಕಬುರಾ ಹಿಡಿದಾಗ ಏನಾಗುತ್ತದೆಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಹಿಡಿಯೊ ನೊಮೊ ಅವರನ್ನು ‘ಸುಂಟರಗಾಳಿಯಂತೆ ಬೀಸಿದರು’ ಎಂದು ಅರ್ಧ ವಾಕ್ಯದಲ್ಲಿ ದಾಟಿದ್ದೀರಿ. ಲೇಖನ ಅಲ್ಲಿಂದಲೇ ಆರಂಭವಾಗಬೇಕು. 1996ರ ಸೆಪ್ಟೆಂಬರ್ 17, ಡೆನ್ವರ್‌ನ ಕೂರ್ಸ್ ಫೀಲ್ಡ್. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ, ತೆಳುಗಾಳಿಯಲ್ಲಿ ಚೆಂಡು ದೂರ ಹಾರುವ ಆ ಅಂಗಳ ಅಂದು ಮಳೆಗೆ ತೊಯ್ದಿತ್ತು. ಕೈಗಳನ್ನು ತಲೆಯ ಮೇಲಕ್ಕೆತ್ತಿ, ಬ್ಯಾಟರ್‌ಗೆ ಬೆನ್ನು ಕಾಣುವಷ್ಟು ಮೈ ತಿರುಚುವುದು ನೊಮೊ ಅವರ ಪ್ರಸಿದ್ಧ ಶೈಲಿ. ಪಿಚರ್ ನಿಂತು ಎಸೆಯುವ ಮಣ್ಣಿನ ದಿಣ್ಣೆಯಲ್ಲಿ ಕಾಲು ಜಾರತೊಡಗಿದಾಗ ಪಂದ್ಯದ ನಡುವೆಯೇ ಅದನ್ನು ಬಿಟ್ಟು, ಸಾಮಾನ್ಯವಾಗಿ ಬೇಸ್‌ನಲ್ಲಿ ಓಟಗಾರನಿದ್ದಾಗ ಬಳಸುವ ಗಿಡ್ಡ ಚಲನೆಯಲ್ಲಿ ಎಸೆದು, ಒಂದೂ ಹಿಟ್ ಕೊಡದೆ, ಅಂದರೆ ಯಾವ ಬ್ಯಾಟರ್‌ಗೂ ತನ್ನ ಹೊಡೆತದ ಬಲದಿಂದ ಬೇಸ್ ತಲುಪಲು ಬಿಡದೆ, ಪಂದ್ಯ ಮುಗಿಸಿದರು. ತನ್ನ ಹೆಸರಿಗೇ ಅಂಟಿಕೊಂಡಿದ್ದ ಶೈಲಿಯನ್ನು ಒದ್ದೆ ಮಣ್ಣಿಗಾಗಿ ಬದಿಗಿಟ್ಟ ಆ ಗಳಿಗೆಯನ್ನು ಒಂದು ಇಡೀ ಪುಟ ಬರೆಯಿರಿ.

‘ಸಮುರಾಯ್’ ಬಂದಿರುವ ಆರೂ ವಾಕ್ಯಗಳನ್ನು ಹೊಡೆದುಹಾಕಿ. ಮುರಕಾಮಿಯ ಪ್ಯಾರಾ ಹಾಗೆಯೇ ಇರಲಿ. ತಿದ್ದಿದ ಪ್ರತಿ ಕಳಿಸಿದರೆ ವಾರದೊಳಗೆ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ