'ಏಲಿಯನ್ 3' ನೋಡಿ ಯಾಕೆ ಅಷ್ಟು ಜನ ಬೇಜಾರಾದರು?

ಮೊದಲ ಕಾರಣ ಸಿನಿಮಾದ ಮೊದಲ ಐದು ನಿಮಿಷದಲ್ಲೇ ಇದೆ. 1986ರ 'ಏಲಿಯನ್ಸ್' ಪೂರ್ತಿ ನಡೆದದ್ದೇ ಸರಣಿಯ ನಾಯಕಿ ರಿಪ್ಲಿ ಪುಟ್ಟ ಹುಡುಗಿ ನ್ಯೂಟ್‌ಳನ್ನು ಜೀವ ಪಣಕ್ಕಿಟ್ಟು ಉಳಿಸಿಕೊಳ್ಳುವುದಕ್ಕೆ. 1992ರ ಈ ಮೂರನೇ ಭಾಗ ಟೈಟಲ್ ಕಾರ್ಡ್ ಮುಗಿಯುವಷ್ಟರಲ್ಲಿ ನ್ಯೂಟ್, ಅವರ ಜೊತೆ ಬದುಕುಳಿದಿದ್ದ ಸೈನಿಕ ಹಿಕ್ಸ್ ಇಬ್ಬರನ್ನೂ ಸಾಯಿಸಿಬಿಡುತ್ತದೆ. ಸಾಲದ್ದಕ್ಕೆ ಆ ಮಗುವಿನ ಶವಪರೀಕ್ಷೆ ಬೇರೆ. ಕೊಯ್ಯುವುದನ್ನು ತೋರಿಸುವುದಿಲ್ಲ, ಸದ್ದು ಕೇಳಿಸುತ್ತದೆ, ರಿಪ್ಲಿಯ ಮುಖ ಕಾಣುತ್ತದೆ. ನನಗಂತೂ ಇಡೀ ಸರಣಿಯಲ್ಲಿ ಅಷ್ಟು ಹಿಂಸೆ ಕೊಟ್ಟ ದೃಶ್ಯ ಇನ್ನೊಂದಿಲ್ಲ.

ಎರಡನೆಯದು ತಯಾರಿಯ ಗೊಂದಲ. ಕಥೆ ಕೈ ಬದಲಾಯಿಸುತ್ತಲೇ ಇತ್ತು. ಮೊದಲು ನಿರ್ದೇಶಕರಾಗಿದ್ದ ವಿನ್ಸೆಂಟ್ ವಾರ್ಡ್ ಮರದಿಂದ ಮಾಡಿದ ಗ್ರಹ, ಅದರಲ್ಲಿ ಸನ್ಯಾಸಿಗಳು ಎಂದು ಯೋಚಿಸಿದ್ದರು. ಅದನ್ನು ಬಿಟ್ಟು ಜೈಲು ಗ್ರಹ ಮಾಡಿದರು, ಸನ್ಯಾಸಿಗಳ ಭಕ್ತಿ ಮಾತ್ರ ಕೈದಿಗಳಿಗೆ ಅಂಟಿಕೊಂಡಿತು! ಸ್ಕ್ರಿಪ್ಟ್ ಮುಗಿಯುವ ಮೊದಲೇ ಶೂಟಿಂಗ್ ಶುರುವಾಯಿತು. ಆಮೇಲೆ ಬಂದ ನಿರ್ದೇಶಕ ಡೇವಿಡ್ ಫಿಂಚರ್‌ಗೆ ಇದು ಮೊದಲ ಚಿತ್ರ, ಸ್ಟುಡಿಯೋ ಜೊತೆ ದಿನಾ ಜಗಳ, ಕೊನೆಗೆ ಎಡಿಟಿಂಗ್ ಮುಗಿಯುವ ಮೊದಲೇ ಹೊರನಡೆದರು.

ತಲೆ ಬೋಳಿಸಿದ ಕೈದಿಗಳಲ್ಲಿ ಯಾರು ಯಾರೆಂದು ಗುರುತು ಹತ್ತುವುದೂ ಕಷ್ಟ. ಗುರುತಿಲ್ಲದವನು ಸತ್ತರೆ ಭಯ ಎಲ್ಲಿಂದ ಬರಬೇಕು?

ಹಾಗಂತ ಪೂರ್ತಿ ತಳ್ಳಿಹಾಕಬೇಡಿ. 2003ರಲ್ಲಿ ಬಂದ 'ಅಸೆಂಬ್ಲಿ ಕಟ್' ಎಂಬ ಇದರ ಇನ್ನೊಂದು ಆವೃತ್ತಿ ಮೂಲಕ್ಕಿಂತ ಸುಮಾರು ಅರ್ಧ ಗಂಟೆ ಹೆಚ್ಚು ಉದ್ದ, ಅದರಲ್ಲಿ ಏಲಿಯನ್ ಜೀವಿ ನಾಯಿಯ ಬದಲು ಎತ್ತಿನಿಂದ ಹೊರಬರುತ್ತದೆ. ಕೈದಿಗಳ ಕಥೆಗೂ ಉಸಿರಾಡಲು ಜಾಗ ಸಿಕ್ಕಿದೆ. ನೋಡುವುದಾದರೆ ಅದನ್ನೇ ನೋಡಿ.